ಕಾರಿಗೊಂದು ಗಾಜಿನ ಹಂಚು

ಕಾರಿನಲ್ಲಿ ಕೂತವರು ಮೇಲೆ ನೋಡುವುದಿಲ್ಲ. ಮುಂದೆ ನೋಡುತ್ತಾರೆ, ಬದಿಗೆ ನೋಡುತ್ತಾರೆ, ಡ್ರೈವರನ ಮೇಲೆ ನಂಬಿಕೆ ಸಾಲದವರು ಅವನ ಕಾಲಿನ ಕಡೆಗೂ ಒಂದು ಕಣ್ಣಿಟ್ಟಿರುತ್ತಾರೆ. ಮೇಲೆ ನೋಡಿದರೆ ಕಾಣುವುದಾದರೂ ಏನು? ಎಣ್ಣೆ ಹಚ್ಚಿದ ತಲೆಗಳು ತಾಗಿ ತಾಗಿ ಕಪ್ಪಾದ ಒಂದಿಷ್ಟು ಬಟ್ಟೆ. ಈ ಸತ್ಯವನ್ನು ಹೋದ ವರ್ಷ ನಾನು ಮೂಡುಬಿದಿರೆಯ ಒಂದು ಮನೆಯಂಗಳದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಹಳ ಸಮರ್ಥವಾಗಿ ಮಂಡಿಸಿದೆ. ಮಂಡಿಸಿ ಗೆದ್ದೆ ಕೂಡ. ಗೆದ್ದ ಮೇಲೆ ಸೋತದ್ದು ಹೇಗೆ ಎನ್ನುವುದಷ್ಟೇ ಈಗ ಹೇಳಲು ಉಳಿದಿರುವುದು.

ಮೊದಲು ನನ್ನ ಯೋಗ್ಯತೆಯ ವಿಚಾರ. ಚರ್ಚಾಸ್ಪರ್ಧೆಗೆ ಕಾಲೇಜಿನಿಂದ ಇಬ್ಬರನ್ನು ಕಳಿಸುವುದು ಕ್ರಮ. ಒಬ್ಬ ವಿಷಯದ ಪರ, ಇನ್ನೊಬ್ಬ ವಿರೋಧ. ಪರ ಮಾತಾಡುವವನ ಪಾಡು ಪಾಪದ್ದು; ಅವನು ಏನನ್ನಾದರೂ ನಂಬಬೇಕು, ಇಲ್ಲವೇ ನಂಬಿದವನ ಹಾಗೆ ಮುಖ ಮಾಡಬೇಕು. ವಿರೋಧದವನಿಗೆ ಆ ತಾಪತ್ರಯವಿಲ್ಲ. ಇನ್ನೊಬ್ಬ ಕಟ್ಟಿದ್ದರಲ್ಲಿ ಅವನು ತೂತು ಹುಡುಕಿದರೆ ಸಾಕು. ಮೂಡುಬಿದಿರೆಯಲ್ಲಿ ಓದಿದಷ್ಟು ಕಾಲವೂ ನಾನು ವಿರೋಧದವನಾಗಿಯೇ ಇದ್ದೆ. ವಿಜ್ಞಾನವನ್ನು ವಿರೋಧಿಸಿದೆ, ಮುಂದಿನ ವರ್ಷ ಅಜ್ಞಾನವನ್ನೂ ವಿರೋಧಿಸಿದೆ. ಶೀಲ್ಡುಗಳು ಬಂದವು. ನಮ್ಮ ಮನೆಯಲ್ಲಿ ಅನ್ನ ಕೇಳುವುದು, ಬೈಯುವುದು, ನಗುವುದು ಎಲ್ಲವೂ ತುಳುವಿನಲ್ಲಿ. ವಾದ ಮಾತ್ರ ನನಗೆ ಕನ್ನಡದಲ್ಲಿಯೇ ಬರುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತುಳುವಿನಲ್ಲಿ ಶುರು ಮಾಡಿದ್ದು ಎರಡನೆಯ ವಾಕ್ಯಕ್ಕೆ "ಮಾನ್ಯ ತೀರ್ಪುಗಾರರೇ" ಎಂಬ ಧಾಟಿಗೆ ಏರಿಬಿಡುತ್ತದೆ ಎಂದು ಅಮ್ಮನ ದೂರು.

ಆದರೆ ನೆಂಟರು ಈ ವಿದ್ಯೆಯ ಉಪಯೋಗವನ್ನು ಕಾಲೇಜಿಗಿಂತ ಚೆನ್ನಾಗಿ ಕಂಡುಕೊಂಡರು. ಹಳೆಯ ಪಂಪು ಕೊಳ್ಳುವುದಿರಲಿ, ಕರೆಯುವ ದನ ಕೊಳ್ಳುವುದಿರಲಿ, ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದು ವಾಡಿಕೆಯಾಯಿತು. ನಾನು ಕುಂದು ಹೇಳುವುದು, ಮಾರುವವನ ಮುಖ ಸಣ್ಣದಾಗುವುದು, ಆಮೇಲೆ ಹಿರಿಯರು ಮೆಲ್ಲನೆ ಮಾತಿಗೆ ಬರುವುದು. ಹೆಣ್ಣು ನೋಡಲು ಮಾತ್ರ ಯಾರೂ ಕರೆಯುವುದಿಲ್ಲ. ಒಮ್ಮೆ ಕರೆದಿದ್ದರು, ಆ ಸಂಬಂಧ ಆಗಲಿಲ್ಲ.

ಹಾಗೆ ನನ್ನನ್ನು ಮೂಡುಬಿದಿರೆಯ ಅಂಗಳಕ್ಕೆ ಕರೆಸಿಕೊಂಡವರು ಜಯರಾಮ ಭಾವ, ನನ್ನ ವಿಮಲಕ್ಕನ ಗಂಡ. ಬಂಟ್ವಾಳದ ಪೇಟೆಯಲ್ಲಿ ಅವರಿಗೆ ಬಟ್ಟೆಯಂಗಡಿ ಉಂಟು. ಅವರಿಗೊಂದು ಕಾರು ಬೇಕಾಗಿತ್ತು. ಶೋಕಿಗಲ್ಲ, ಅಕ್ಕನಿಗಾಗಿ. ವಿಮಲಕ್ಕ ಬಸ್ಸು ಹತ್ತಿದರೆ ಆಯಿತು. ಹೊಟ್ಟೆಯೊಳಗಿನದ್ದು ಒಳಗೆ ನಿಲ್ಲುವುದಿಲ್ಲ. ಬಂಟ್ವಾಳದಿಂದ ಕಕ್ಕಿಂಜೆಯ ನಮ್ಮ ಮನೆಗೆ ಬರಬೇಕಾದರೆ ಅವಳಿಗೆ ಕಿಟಕಿ ಬದಿಯ ಸೀಟು, ಮೂಗಿಗೆ ಹಿಡಿಯಲು ಒಂದು ಲಿಂಬೆಹಣ್ಣು, ಮಡಿಲಲ್ಲೊಂದು ಟವೆಲು. ಪುಂಜಾಲಕಟ್ಟೆ ದಾಟುವುದರೊಳಗೆ ಮುಖ ಸುಣ್ಣದಷ್ಟು ಬಿಳಿ. ಮಡಂತ್ಯಾರಿಗೆ ಬರುವಾಗ ಕಂಡಕ್ಟರನೇ ಹಿಂದಿನ ಸೀಟಿನವರಿಗೆ, "ಕಿಟಕಿ ಹಾಕಿಕೊಳ್ಳಿ, ಬಂಟ್ವಾಳದ ಅಕ್ಕ ಇದ್ದಾರೆ" ಎಂದು ಸೂಚನೆ ಕೊಡುತ್ತಿದ್ದ. ಬಾಡಿಗೆ ಕಾರೂ ನೋಡಿಯಾಯಿತು. ಪೆಟ್ರೋಲಿನ ವಾಸನೆಗೆ ಅದು ಬಸ್ಸಿಗಿಂತ ಕಡೆ. ಮನೆ ಮುಟ್ಟಿದ ಮೇಲೆ ಸಂಜೆಯವರೆಗೆ ಚಾವಡಿಯಲ್ಲಿ ಚಾಪೆ. ಮರುದಿನ ಬೆಳಿಗ್ಗೆ ಅದೇ ಬಸ್ಸು. ಹಾಗಾಗಿ ಅವಳು ಬರುವುದೇ ಕಡಿಮೆಯಾಯಿತು. "ನಾನು ಮಗಳನ್ನು ಕೊಟ್ಟದ್ದು ಬಂಟ್ವಾಳಕ್ಕೆ, ಬೊಂಬಾಯಿಗಲ್ಲ" ಎಂದು ಅಮ್ಮ ಒಮ್ಮೊಮ್ಮೆ ಒಲೆಯ ಹತ್ತಿರ ಹೇಳಿಕೊಳ್ಳುತ್ತಿದ್ದರು. ಭಾವನದ್ದು ಒಂದೇ ಲೆಕ್ಕ: ವಿಮಲಳಿಗೆ ಕೂರಲಿಕ್ಕೆ ಆಗುವ ಕಾರಾದರೆ ಕೊಳ್ಳುವುದು, ಇಲ್ಲದಿದ್ದರೆ ಕಾರೇ ಬೇಡ.

ಮೂಡುಬಿದಿರೆಯ ಕರುಣಾಕರಣ್ಣ ಗಲ್ಫಿನಿಂದ ಬರುವಾಗ ಹಡಗಿನಲ್ಲಿ ತಂದ ಜಪಾನಿನ ಕಾರು ಅದು. ಅವರು ತಿರುಗಿ ಗಲ್ಫಿಗೆ ಹೋದರು. ಕಾರು ಅಂಗಳದ ಬದಿಯಲ್ಲಿ ಅವರ ತಾಯಿ ಗಿರಿಜಕ್ಕನ ಸುಪರ್ದಿಯಲ್ಲಿ ಕೆಲವು ಮಳೆಗಾಲ ಕಂಡಿತು. ಈಗ ರಜೆಯಲ್ಲಿ ಬಂದವರು ಅದನ್ನು ಮಾರಿಯೇ ಹೋಗುವುದೆಂದು ನಿಶ್ಚಯಿಸಿದ್ದರು. ಸ್ಟೇರಿಂಗು ಎಡಗಡೆ. ಅದು ಕುಂದಲ್ಲವೇ ಎಂದು ನಾನು ಬಾಯಿ ತೆರೆಯುವ ಮೊದಲೇ ಭಾವ, "ಒಳ್ಳೆಯದೇ ಆಯ್ತು, ಕೂತಲ್ಲಿಂದಲೇ ಬೀಡದಂಗಡಿಗೆ ಕೈ ಚಾಚಬಹುದು" ಎಂದುಬಿಟ್ಟರು. ಕೊಳ್ಳುವವನೇ ಹೀಗೆ ಪರ ವಹಿಸಿದರೆ ವಿರೋಧದವನು ಏನು ಮಾಡಬೇಕು?

ಅಷ್ಟರಲ್ಲಿ ಕರುಣಾಕರಣ್ಣ ಒಳಗೆ ಕೂತು ಒಂದು ಸಣ್ಣ ಹಿಡಿಯನ್ನು ತಿರುಗಿಸಿದರು. ಕಾರಿನ ನೆತ್ತಿಯಲ್ಲಿದ್ದ ಗಾಜಿನ ಹಲಗೆಯೊಂದು ಮೆಲ್ಲಗೆ ಹಿಂದಕ್ಕೆ ಸರಿಯಿತು. ಒಳಗೆ ಚೌಕಾಕಾರದ ಬಿಸಿಲು ಬಿತ್ತು. ನಮ್ಮ ಕಡೆ ಅಡುಗೆಮನೆಯ ಕತ್ತಲಿಗೆ ಮಾಡಿನ ಹಂಚುಗಳ ನಡುವೆ ಒಂದು ಗಾಜಿನ ಹಂಚು ಇಡುತ್ತಾರಲ್ಲ, ಅದೇ ಬಿಸಿಲು. ಭಾವನ ಮುಖದಲ್ಲಿಯೂ ಅದರ ಒಂದು ತುಂಡು ಬಿದ್ದದ್ದನ್ನು ಕಂಡು ನನಗೆ ಅಪಾಯದ ಅರಿವಾಯಿತು. ನಾನು ಎದ್ದು ನಿಂತೆ.

ಮನುಷ್ಯ ಗುಹೆಯಿಂದ ಹೊರಬಂದ ಮೇಲೆ ಮಾಡಿದ ಮೊದಲ ಜಾಣತನವೆಂದರೆ ತಲೆಯ ಮೇಲೆ ಒಂದು ಮಾಡು ಕಟ್ಟಿದ್ದು, ಎಂದೆ. ಅಷ್ಟು ಕಷ್ಟಪಟ್ಟು ಕಟ್ಟಿದ್ದಕ್ಕೆ ಈಗ ತೂತು ಕೊರೆಯುವುದು ಪ್ರಗತಿಯೇ? ಗಲ್ಫಿನಲ್ಲಿ ಮಳೆಯಿಲ್ಲ, ಬಿಸಿಲು ಹೆಚ್ಚು. ಅಲ್ಲಿಗೆ ಇದು ಬೇಡ. ನಮ್ಮಲ್ಲಿ ಬಿಸಿಲೂ ಉಂಟು, ಮಳೆಯಂತೂ ಉಂಟೇ ಉಂಟು; ಇಲ್ಲಿಗೆ ಎರಡು ಪಟ್ಟು ಬೇಡ. ಹಾಗಾದರೆ ಇದು ಬೇಕಾದ ದೇಶ ಯಾವುದು? ಈ ಕಾರಿನಲ್ಲಿ ಕೂರುವವನು ಕೊಡೆ ಬಿಡಿಸಿಯೇ ಕೂರಬೇಕಾದೀತು.

"ಇದೆಂತ ಜಯರಾಮಣ್ಣ," ಕರುಣಾಕರಣ್ಣ ಕೇಳಿದರು, "ನಿಮ್ಮ ಭಾವಮೈದ ಕಾರು ನೋಡ್ಲಿಕ್ಕೆ ಬಂದದ್ದಾ, ಭಾಷಣಕ್ಕೆ ಬಂದದ್ದಾ?"

"ಅವನಿಗೆ ಎರಡೂ ಒಂದೇ ಮಾರಾಯ್ರೆ."

ಜಗುಲಿಯಲ್ಲಿ ಕೂತಿದ್ದ ಗಿರಿಜಕ್ಕನಿಗೆ ಇದು ತಮ್ಮ ಪಾಲನೆಯ ಮೇಲಿನ ಆರೋಪದಂತೆ ಕೇಳಿಸಿರಬೇಕು. "ಮಳೆಗೆಂತ ಹೆದರಿಕೆ ಮಗಾ? ವರ್ಷವೂ ಮನೆಯ ಹಂಚು ಕೈಯಾಡಿಸುವಾಗ ಇದಕ್ಕೂ ಡಾಮರು ಹಾಕಿಸ್ತೇನೆ. ಒಂದು ತೂತು ಬಿಡ್ಲಿಲ್ಲ ನಾನು" ಎಂದರು. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ, ಒಡೆದ ಹಂಚು ಬದಲಿಸಿ, ಬಿರುಕಿಗೆ ಡಾಮರು ಮೆತ್ತುವುದು ನಮ್ಮ ಎಲ್ಲ ಮನೆಗಳಲ್ಲಿಯೂ ನಡೆಯುವ ಕೆಲಸ. ಭಾವ ಮೆಚ್ಚಿ ತಲೆಯಾಡಿಸಿದರು. ನಾನೂ ಆಡಿಸಿದೆ.

ಪುರಾವೆಗಾಗಿ ಒಂದು ಕೊಡ ನೀರು ತರಿಸಿ, ಗಾಜು ಮುಚ್ಚಿಸಿ, ಮೇಲಿನಿಂದ ಹೊಯ್ದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಾಜಿನ ಅಂಚಿನಿಂದ ಒಂದು ಹನಿ, ಅದರ ಹಿಂದೆ ಇನ್ನೊಂದು, ಕೊನೆಗೆ ಸಂಕೋಚ ಬಿಟ್ಟ ಒಂದು ಧಾರೆ ಸೀಟಿನ ಮೇಲೆ ಇಳಿಯಿತು. "ಇಷ್ಟು ಹಾಕಿದ್ರೂ ಇದೊಂದು ನಿಲ್ಲುವುದಿಲ್ಲ" ಎಂದರು ಗಿರಿಜಕ್ಕ, ಬೇಸರದಲ್ಲಿ. ಡಾಮರು ಸಾಲದಾಗಿರಬೇಕೆಂದು ಎಲ್ಲರಿಗೂ ತೋರಿತು.

ನನ್ನ ವಾದಕ್ಕೆ ಇನ್ನೇನು ಬೇಕು? ಗಾಜು ಕಿತ್ತು ತಗಡು ಬೆಸುಗೆ ಹಾಕಿಸುವುದು, ಬೆಲೆಯಲ್ಲಿ ಅದರ ಖರ್ಚು ಮುರಿದುಕೊಳ್ಳುವುದು ಎಂದು ಮಾತಾಯಿತು. ಕರುಣಾಕರಣ್ಣನದ್ದು ಒಂದೇ ಕೋರಿಕೆ: "ತಗಡು ಹೊಡೆಸುವ ಮೊದಲು ಅಕ್ಕನನ್ನು ಒಂದು ಸುತ್ತು ಕರಕೊಂಡು ಹೋಗಿ ಬನ್ನಿ. ಆಮೇಲೆ ನಿಮ್ಮ ಇಷ್ಟ."

ಅಂದು ಬಸ್ಸಿನಲ್ಲಿ ಮನೆಗೆ ಮರಳುವಾಗ ವೇಣೂರು ಬಂತು. ಮೂಡುಬಿದಿರೆಯಲ್ಲಿ ಒಂದು ಮಾಡನ್ನು ಹೊರಲು ಸಾವಿರ ಕಂಬಗಳನ್ನು ನಿಲ್ಲಿಸಿದ ಜನವೇ ಇಲ್ಲಿ ಬಾಹುಬಲಿಯನ್ನು ಒಂದು ಹಂಚೂ ಇಲ್ಲದೆ ಬಯಲಲ್ಲಿ ನಿಲ್ಲಿಸಿದ್ದಾರೆ. ಶತಮಾನಗಳ ಮಳೆ ಅವನ ಹೆಗಲಿಗೆ ಬಿದ್ದು, ತೋಳಿನಿಂದ ಇಳಿದು, ಕಾಲ ಬುಡದಿಂದ ಹರಿದು ಹೋಗಿದೆ. ಅವನು ಒದ್ದೆಯಾದನೆಂದು ಯಾರೂ ದೂರಲಿಲ್ಲ. ಇದೊಂದು ಪರ ವಾದ ಆಗಬಹುದಲ್ಲ ಎಂದು ಒಂದು ಕ್ಷಣ ಅನಿಸಿತು. ಆದರೆ ಬಾಹುಬಲಿಗೆ ಸೀಟಿಲ್ಲ ಎಂದು ಖಂಡಿಸಿ ನೆಮ್ಮದಿಯಾಗಿ ನಿದ್ದೆ ಹೋದೆ.

ದೀಪಾವಳಿ ಕಳೆದ ಒಂದು ಭಾನುವಾರ ಪರೀಕ್ಷೆ, ಬಂಟ್ವಾಳದಿಂದ ಕಕ್ಕಿಂಜೆಗೆ. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ತಿರುಗಿದರೆ ಗುಡುಗು, ಅಂಥ ದಿನಗಳು. ಎಡಗಡೆ ಭಾವ, ಬಲಗಡೆ ಲಿಂಬೆಹಣ್ಣು ಹಿಡಿದ ಅಕ್ಕ, ಹಿಂದೆ ವಿರೋಧಪಕ್ಷವಾದ ನಾನು, ನನ್ನ ತೊಡೆಯ ಮೇಲೆ ಕೊಡೆ. ಹೇಳಿದ ಮಾತಿಗೆ ಬದ್ಧನಾಗಿರಬೇಕಲ್ಲ.

ಪುಂಜಾಲಕಟ್ಟೆಗೆ ಬರುವಾಗ ಅಕ್ಕನ ಮುಖ ಬಿಳಿಯಾಗತೊಡಗಿತು. ಭಾವ ಬದಿಗೆ ನಿಲ್ಲಿಸಿ ಹಿಡಿ ತಿರುಗಿಸಿದರು. ಗಾಜು ಸರಿಯಿತು, ಗಾಳಿ ಒಳಗೆ ಇಳಿಯಿತು. ಅಕ್ಕ ಕತ್ತು ಹಿಂದಕ್ಕೆ ಚೆಲ್ಲಿ ಮೇಲೆ ನೋಡಿದಳು. ಕಾರು ಮತ್ತೆ ಹೊರಟಿತು.

"ಹೇಗುಂಟು?" ಭಾವ ಕೇಳಿದರು.

"ಮಾತಾಡಿಸ್ಬೇಡಿ."

ಮಡಂತ್ಯಾರು ಬಂತು. ಏನೂ ಆಗಲಿಲ್ಲ. ಮಡಂತ್ಯಾರು ಹೋಯಿತು.

"ಆ ಧೂಪದ ಮರದಲ್ಲಿ ಹದ್ದಿನ ಗೂಡು ಉಂಟಲ್ಲಾ," ಎಂದಳು ಅಕ್ಕ. "ಇಷ್ಟು ವರ್ಷ ಈ ದಾರಿಯಲ್ಲಿ ನಾನು ಡಾಮರು ರಸ್ತೆ ಬಿಟ್ಟು ಬೇರೆ ಎಂತದೂ ನೋಡ್ಲಿಲ್ಲ."

ಅದು ಹೌದು. ಕಿಟಕಿಯಿಂದ ಬಾಗಿದವರಿಗೆ ಕಾಣುವುದು ರಸ್ತೆಯೊಂದೇ. ಆದರೆ ಸಂಶಯ ನನ್ನ ಹುಟ್ಟುಗುಣ. "ಅಕ್ಕಾ, ಒಂದು ಸಲ ಆಗ್ಲಿಲ್ಲ ಅಂದ್ರೆ ಅದು ಪುರಾವೆ ಅಲ್ಲ. ಗಾಜು ಮುಚ್ಚಿ ಒಮ್ಮೆ ನೋಡ್ಬೇಕು" ಎಂದೆ.

"ನಿನ್ನ ಪುರಾವೆಗೆ ನಾನು ಇಲ್ಲಿ ವಾಂತಿ ಮಾಡ್ಬೇಕಾ?"

ಭಾವ ನಕ್ಕ ನಗುವಿಗೆ ಕಾರು ಒಮ್ಮೆ ರಸ್ತೆ ಬಿಟ್ಟು ಬಂತು.

ಗುರುವಾಯನಕೆರೆಯಲ್ಲಿ ಭಾವ ಸೋಡಾ ಕುಡಿಯಲು ಇಳಿದರು. ತಿರುಗಿ ನೋಡುತ್ತೇನೆ, ಅಕ್ಕ ಸೀಟಿನ ಮೇಲೆ ಹತ್ತಿ ನಿಂತು, ಮಾಡಿನಿಂದ ಅರ್ಧ ಮೈ ಹೊರಗೆ ಹಾಕಿ ಕೆರೆ ನೋಡುತ್ತಿದ್ದಾಳೆ. ಬಟ್ಟೆಯಂಗಡಿಯ ಯಜಮಾನರ ಹೆಂಡತಿ. ಅಂಗಡಿ ಬಾಗಿಲಲ್ಲಿದ್ದವರೆಲ್ಲ ಕೆರೆಗೆ ಬೆನ್ನು ಹಾಕಿ ಅವಳನ್ನು ನೋಡುತ್ತಿದ್ದರು.

"ಇಳಿ ಅಕ್ಕಾ, ಜನ ನೋಡ್ತಾರೆ."

"ನೋಡ್ಲಿ. ಬಸ್ಸಿನಿಂದ ತಲೆ ಹೊರಗೆ ಹಾಕಿದ್ದನ್ನೂ ಇವರೇ ನೋಡಿದ್ದಾರೆ."

ಹಾಗೆ ಹೇಳಿದವಳು ಸಟ್ಟನೆ ತಲೆ ಬಗ್ಗಿಸಿದಳು. ಗಾಜು ಕೂರುವ ಜಾಗದ ಸುತ್ತ ಒಂದು ಸಣ್ಣ ಕಾಲುವೆಯಂತೆ ತಗ್ಗಿತ್ತು. ಅದರ ಮೂಲೆಯಲ್ಲಿ ಕಪ್ಪಗೆ ಏನೋ ಗಂಟು ಕಟ್ಟಿತ್ತು. "ಇದು ದಂಬೆ ಅಲ್ವಾ?" ಎಂದಳು. ಮಾಡಿನ ಅಂಚಿಗೆ ಅಡಕೆಮರ ಸೀಳಿ ಕಟ್ಟುತ್ತೇವಲ್ಲ, ಹಂಚಿನ ನೀರು ಹಿಡಿದು ಅಂಗಳದಾಚೆ ಬಿಡಲು, ಅದು ದಂಬೆ. "ದಂಬೆಯ ಬಾಯಿಗೆ ಯಾರಾದ್ರೂ ಡಾಮರು ಮೆತ್ತುತ್ತಾರಾ ಮಾರಾಯ?" ತುರುಬಿನ ಪಿನ್ನು ಕಿತ್ತು ಚುಚ್ಚಿದಳು. ಬಿಸಿಲಿಗೆ ಮೆತ್ತಗಾಗಿದ್ದ ಡಾಮರು ನೂಲು ನೂಲಾಗಿ ಎದ್ದು ಬಂತು. ಕೆಳಗೆ ಒಂದು ತೂತು. ಭಾವನ ಕೈಯಿಂದ ಸೋಡಾ ಕಿತ್ತುಕೊಂಡು ಅದಕ್ಕೆ ಹೊಯ್ದಳು. ಸೋಡಾ ಗುಳುಗುಳು ಎಂದು ಮಾಯವಾಗಿ, ಸ್ವಲ್ಪ ಹೊತ್ತಿನಲ್ಲಿ ಬಾಗಿಲಿನ ಅಡಿಯಿಂದ ರಸ್ತೆಗೆ ಬಿತ್ತು. ಉಳಿದ ಮೂಲೆಗಳಲ್ಲೂ ಅದೇ ಡಾಮರು, ಅದೇ ಪಿನ್ನು. ಅಕ್ಕನ ಬೆರಳುಗಳು ಮಸಿಯಾದವು.

ನನಗೆ ಅಂಗಳದ ಆ ತಲೆಯಾಡಿಸುವಿಕೆ ನೆನಪಾಯಿತು. ದೇವರನ್ನು ಸಂಶಯಿಸಿದವನು ನಾನು, ವಿಜ್ಞಾನವನ್ನೂ ಬಿಟ್ಟವನಲ್ಲ. ಡಾಮರನ್ನು ಮಾತ್ರ ಸಂಶಯಿಸಲಿಲ್ಲ. ತೂತು ಕಂಡರೆ ಮುಚ್ಚಬೇಕು ಎಂಬುದು ನಮಗೆ ಮಳೆಯೇ ಕಲಿಸಿದ ಪಾಠ. ಅದನ್ನು ಪ್ರಶ್ನಿಸಲು ನನಗಾಗಲಿ ಗಿರಿಜಕ್ಕನಿಗಾಗಲಿ ತೋಚಲಿಲ್ಲ. (ಮುಂದೆ ಭಾವ ಈ ಸಂಗತಿ ತಿಳಿಸಿದಾಗ ಅವರು ಬಹಳ ಹೊತ್ತು ಯೋಚಿಸಿ, "ಹಾಗಾದ್ರೆ ನಮ್ಮ ಬಚ್ಚಲಿನ ನೀರು ನಿಲ್ಲುವುದೂ ಅದಕ್ಕೇ" ಎಂದರಂತೆ.) ಕಾರು ಮಾಡಿದವನು ನಮಗಿಂತ ವಿನಯವಂತ. ನೀರನ್ನು ತಡೆದು ಗೆಲ್ಲುತ್ತೇನೆಂದು ಅವನು ಹೊರಡಲೇ ಇಲ್ಲ. ಬಂದಷ್ಟು ಬರಲಿ ಎಂದು ಒಳಗೆ ಕರೆದು, ಹೋಗಲು ದಾರಿ ಮಾಡಿಟ್ಟಿದ್ದ. ಎದುರಾಳಿಯ ಮಾತಿಗೆ ಹೀಗೆ ದಾರಿ ಬಿಡುವ ಕ್ರಮ ಯಾವ ಚರ್ಚಾಸ್ಪರ್ಧೆಯಲ್ಲೂ ನಾನು ಕಂಡದ್ದಿಲ್ಲ.

ಉಜಿರೆ ದಾಟಿದ ಮೇಲೆ ಚಾರ್ಮಾಡಿಯ ಕಡೆ ಆಕಾಶ ಕಪ್ಪಾಗಿ, ಭಾವ ಗಾಜು ಮುಚ್ಚುವಷ್ಟರಲ್ಲಿ ಮಳೆ ಬಂತು. ನಾನು ಕೊಡೆಯ ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ಗಾಜಿನ ಮೇಲೆ ಮಳೆ ಒಡೆದು ಹರಡುತ್ತಿತ್ತು, ಮರಗಳು ನೀರಿನಲ್ಲಿ ಅಲುಗಿ ಹಿಂದಕ್ಕೆ ಸರಿಯುತ್ತಿದ್ದವು. ಅಕ್ಕ ಬಾಯಿ ತೆರೆದು ಮೇಲೆ ನೋಡುತ್ತಿದ್ದಳು. ಬಾಗಿಲ ಅಡಿಯಿಂದ ನೀರು ಶಿಸ್ತಾಗಿ ರಸ್ತೆಗಿಳಿಯುವ ಸದ್ದು ಕೇಳಿಸುತ್ತಿತ್ತು. ಒಳಗೆ ಒಂದು ಹನಿಯೂ ಬೀಳಲಿಲ್ಲ. ಕೊಡೆ ಬಿಡಿಸಿದ್ದು ಕಕ್ಕಿಂಜೆಯಲ್ಲಿ, ಕಾರಿನಿಂದ ಜಗುಲಿಗೆ ಹೋಗಲು.

ಅಮ್ಮ ಯಾವಾಗಿನಂತೆ ಸಜ್ಜಾಗಿದ್ದರು. ಚಾವಡಿಯಲ್ಲಿ ಚಾಪೆ ಹಾಸಿ ದಿಂಬು ಇಟ್ಟಾಗಿತ್ತು. ಅಳಿಯನಿಗೆ ನೀರುದೋಸೆ, ಕೋಳಿ ಸಾರು. ಮಗಳಿಗೆ ಗಂಜಿ, ಒಂದು ಹೋಳು ಉಪ್ಪಿನಕಾಯಿ. ಅಕ್ಕ ಚಾಪೆಯನ್ನು ದಾಟಿಕೊಂಡು ನೇರ ಅಡುಗೆಮನೆಗೆ ಹೋದಳು. ಗಂಜಿಯ ಬಟ್ಟಲು ನೋಡಿ, "ಇದು ಯಾರಿಗೆ?" ಎಂದಳು.

"ನಿನಗೆ."

"ನನಗೆ ಹಸಿವಾಗ್ತದೆ ಅಮ್ಮಾ."

ಅಮ್ಮ ದೋಸೆಯ ಹುಟ್ಟು ಹಿಡಿದುಕೊಂಡು ಅವಳನ್ನೇ ನೋಡಿದರು. ಬಂಟ್ವಾಳದಿಂದ ಬಂದವಳ ಬಾಯಲ್ಲಿ ಆ ಮಾತನ್ನು ಅವಳ ಮದುವೆಯಾದಂದಿನಿಂದ ಅವರು ಕೇಳಿರಲಿಲ್ಲ. ಆಮೇಲೆ ಕಾವಲಿಗೆ ಹಿಟ್ಟು ಹೊಯ್ದರು.

ಭಾವ ಜಗುಲಿಯಲ್ಲಿ ಕೈಕಾಲು ತೊಳೆಯುತ್ತ ನನ್ನನ್ನು ಕೇಳಿದರು: "ಹಾಗಾದ್ರೆ ತಗಡು ಹೊಡೆಸುವುದಾ?"

ನನ್ನ ಬಳಿ ವಾದ ಇರಲಿಲ್ಲವೆಂದಲ್ಲ. ಬಿಸಿಲಿನ ವಿಚಾರ ಇನ್ನೂ ಪೂರ್ತಿ ಮಂಡಿಸಿರಲಿಲ್ಲ; ಗಾಜಿಗೆ ತೆಂಗಿನಕಾಯಿ ಬಿದ್ದರೆ ಏನು ಗತಿ ಎಂಬ ಒಳ್ಳೆಯ ಪ್ರಶ್ನೆಯೂ ಬಾಕಿಯಿತ್ತು. ಆದರೆ ಒಳಗೆ ತೀರ್ಪುಗಾರರು ಮಸಿ ಬೆರಳುಗಳಲ್ಲಿ ಕೋಳಿ ಸಾರು ಬಡಿಸಿಕೊಂಡು, ಅಳಿಯನಿಗೆಂದು ಹೊಯ್ದ ದೋಸೆಗಳಲ್ಲಿ ನಾಲ್ಕನೆಯದನ್ನು ತಟ್ಟೆಗೆ ಹಾಕಿಸಿಕೊಳ್ಳುತ್ತಿದ್ದರು. ಮೇಲಿನ ಗಾಜಿನ ಹಂಚಿನಿಂದ ಮಳೆ ಕಳೆದ ಬೆಳಕು ಅವರ ತಟ್ಟೆಗೇ ಬಿದ್ದಿತ್ತು. ಅಡುಗೆಮನೆಗೆ ಆ ಹಂಚು ಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಚರ್ಚೆ ಮಾಡಿದ್ದಿಲ್ಲ.