ಮರೇಟೆ ನೆಟ್ಟ ಫ್ಲಾಕ್ಸ್

ಏಪ್ರಿಲ್ ಕೊನೆಯ ಒಂದು ಭಾನುವಾರ ಸೋಲ್ವೈ ಮಗುವಿನ ಗಾಡಿಯನ್ನು ಸೇಬಿನ ಮರದ ಕೆಳಗೆ ನಿಲ್ಲಿಸಿ, ಸಲಿಕೆ ಹಿಡಿದು ಹೂಪಾತಿಯ ಮುಂದೆ ನಿಂತಳು. ಓಡೆನ್ಸೆ ಪಟ್ಟಣದ ಅಂಚಿನಲ್ಲಿ ಊರವರು ಗೇಣಿಗೆ ಹಿಡಿದ, ಒಂದೊಂದು ಪುಟ್ಟ ಮನೆಯೂ ಇರುವ ತೋಟಗಳ ಸಾಲಿನಲ್ಲಿ ಇದು ಅವಳ ಗಂಡ ಟ್ರೋಲ್ಸ್‌ನದು. ಅದಕ್ಕೂ ಮೊದಲು ಅವನ ಮೊದಲ ಹೆಂಡತಿ ಮರೇಟೆಯ ಕೈತೋಟ. ಮರೇಟೆ ಅವನನ್ನು ಬಿಟ್ಟು ಊರಿನ ಇನ್ನೊಂದು ಕಡೆ ಮನೆ ಮಾಡಿ ವರ್ಷಗಳೇ ಆಗಿದ್ದವು. ಅವಳು ನೆಟ್ಟ ಗಿಡಗಳು ಮಾತ್ರ ಪ್ರತಿ ವಸಂತದಲ್ಲೂ ಬುಡದಿಂದ ಚಿಗುರಿ, ಒಂದರ ಮೈಮೇಲೊಂದು ಬಿದ್ದು, ಪಾತಿಯೆಲ್ಲ ತಮ್ಮಪ್ಪನದೆನ್ನುವ ಹಾಗೆ ಹರಡುತ್ತಿದ್ದವು. ಸೋಲ್ವೈಗೆ ತನ್ನದೆಂದು ಒಂದು ಗುಲಾಬಿ ಊರಲು ಜಾಗವಿರಲಿಲ್ಲ. ಕೆಲವನ್ನು ಕೀಳಲೇಬೇಕಿತ್ತು. ಯಾವುದನ್ನು?

ಬೇಲಿಯಾಚೆ ಈರುಳ್ಳಿ ಊರುತ್ತಿದ್ದ ಮುದುಕಿ ಬೋಡಿಲ್ ಕೇಳದೆಯೇ ಹೇಳಿದಳು. “ಆ ಹಳದಿ ಹೂವಿನ ಗೋಲ್ಡನ್‌ರಾಡ್ ಕಿತ್ತು ಬಿಸಾಕು ಮಾರಾಯ್ತಿ. ಬಿಟ್ರೆ ನನ್ನ ಈರುಳ್ಳಿ ಮಡಿಗೂ ಬಂದು ಕೂರುತ್ತೆ. ಡೈಸಿ ಅರ್ಧ ತೆಗಿ. ಗೊಂಚಲು ಗೊಂಚಲು ಹೂ ಬಿಡೋ ಆ ಫ್ಲಾಕ್ಸ್ ಮಾತ್ರ ಕಳ್ಕೋಬೇಡ.”

“ನಡುವೆಲ್ಲ ಬೋಳಾಗಿದೆಯಲ್ಲ.”

“ವಯಸ್ಸಾದ್ರೆ ಬೋಳಾಗಲ್ವಾ, ನಿನ್ನ ಗಂಡನ್ನ ನೋಡು. ನಡು ಎಸೆದು ಅಂಚಿನ ತುಂಡು ಮತ್ತೆ ನೆಟ್ರಾಯ್ತು. ಮರೇಟೆದು ಅದು. ಅಂಥ ಪರಿಮಳ ಈ ಸಾಲಲ್ಲೇ ಇಲ್ಲ. ಸಂಜೆಯಾದ್ರೆ ಟ್ರೋಲ್ಸ್ ಕಾಫಿ ಹಿಡ್ಕೊಂಡು ಅದರ ಪಕ್ಕಾನೇ ಕೂರೋನು.”

ಈಗಲೂ ಕೂರುತ್ತಾನೆ. ಹಿಂದಿನ ಬೇಸಗೆಯಲ್ಲಿ ಎಳೆಗೂಸಿಗೆ ಹಾಲೂಡಿಸುತ್ತ ಸೋಲ್ವೈ ಕಿಟಕಿಯಿಂದ ಕಂಡಿದ್ದಳು: ಅವನು ಆ ಹೂಗಳ ಪಕ್ಕ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆಯುತ್ತಿದ್ದ. ಆ ಉಸಿರಿನ ಜೊತೆ ಯಾರು ಒಳಗೆ ಹೋಗುತ್ತಿದ್ದಾರೋ ಎಂದು ಹೊಟ್ಟೆ ಉರಿದುಹೋಗಿತ್ತು. ತನ್ನ ಮೈ ಬರೀ ಹಾಲು ವಾಸನೆ.

ಅವಳು ಗೋಲ್ಡನ್‌ರಾಡನ್ನು ಮುಟ್ಟಲಿಲ್ಲ. ಫ್ಲಾಕ್ಸನ್ನು ಬೇರುಸಮೇತ ಎಬ್ಬಿಸಿದಳು.

ಆ ಸಾಲಿನಲ್ಲಿ ಜೀವವಿರುವ ಗಿಡವನ್ನು ಯಾರೂ ಗೊಬ್ಬರದ ಗುಂಡಿಗೆ ಎಸೆಯುವುದಿಲ್ಲ. ಬುಟ್ಟಿಯಲ್ಲಿಟ್ಟು ಗೇಟಿನ ಹೊರಗಿಡುತ್ತಾರೆ, ಬೇಕಾದವರು ಒಯ್ಯುತ್ತಾರೆ, ಕೊಟ್ಟವರ ಹೆಸರಿನಿಂದಲೇ ಗಿಡವನ್ನು ಕರೆಯುತ್ತಾರೆ. ಸೋಲ್ವೈಗೆ ಗುಂಡಿಗೇ ಹಾಕುವ ಮನಸ್ಸಿತ್ತು. ಬೋಡಿಲ್ ನೋಡುತ್ತಿದ್ದಳೆಂದು ತುಂಡು ಮಾಡಿ ಬುಟ್ಟಿಗೆ ತುಂಬಿದಳು. ಮಧ್ಯಾಹ್ನದ ಕಾಫಿ ಹೊತ್ತಿಗೆ ಬುಟ್ಟಿ ಖಾಲಿ. ಪೀಡೆ ತೊಲಗಿತು ಎಂದುಕೊಂಡು ಅಲ್ಲಿ ಗುಲಾಬಿ ನೆಟ್ಟಳು.

ಸಂಜೆ ಬಂದ ಟ್ರೋಲ್ಸ್ ಪಾತಿಯತ್ತ ನೋಡಿದ. “ಫ್ಲಾಕ್ಸ್ ಎಲ್ಲೇ?”

“ಬೋಳಾಗಿತ್ತು.”

“ಹೌದಾ,” ಎಂದು ಕುರ್ಚಿಯನ್ನು ಮಡಚಿಟ್ಟ. ಬೈದಿದ್ದರೆ ಜಗಳವಾಡಬಹುದಿತ್ತು. ಆ ‘ಹೌದಾ’ ಮುಳ್ಳಿನ ಹಾಗೆ ಅವಳೊಳಗೆ ಉಳಿಯಿತು.

ಆಗಸ್ಟ್ ಬಂತು. ಗೋಲ್ಡನ್‌ರಾಡ್ ಗುಲಾಬಿಯನ್ನು ಸುತ್ತುಗಟ್ಟಿ ಉಸಿರಾಡಲು ಬಿಡಲಿಲ್ಲ. ಅತ್ತ ಬೋಡಿಲಳ ಬೇಲಿಯಲ್ಲಿ, ಎದುರು ಮನೆಯ ಮೆಟ್ಟಿಲ ಬಳಿ, ನಲ್ಲಿಯ ಪಕ್ಕ, ಎಲ್ಲಿ ನೋಡಿದರೂ ಮರೇಟೆಯ ಫ್ಲಾಕ್ಸ್. ಮಗುವಿನ ಗಾಡಿ ತಳ್ಳಿಕೊಂಡು ಹೊರಟರೆ ಆ ಪರಿಮಳ ಗೇಟಿನವರೆಗೂ ಬೆನ್ನು ಬಿಡುತ್ತಿರಲಿಲ್ಲ. ಒಂದು ಕಡೆ ಇದ್ದದ್ದನ್ನು ತಾನೇ ಊರೆಲ್ಲ ಹಂಚಿದ್ದಳು.

ಸಾಲಿನವರೆಲ್ಲ ಸೇರುವ ಬೇಸಗೆಯ ಕಾಫಿಗೆ ಬೋಡಿಲ್ ಮರೇಟೆಯನ್ನು ಕರೆದಿದ್ದಳು. ನರೆಗೂದಲಿನ, ನೆಟ್ಟಗಿನ ಹೆಂಗಸು. ಸೋಲ್ವೈ ಕೇಕಿನ ತಟ್ಟೆ ಹಿಡಿದು ಹಿಂದೆ ಸರಿದಳು. ಮರೇಟೆ ಬೇಲಿಯತ್ತ ಬಗ್ಗಿ ಮೂಸಿದಳು.

“ಇದು ಎಲ್ಲಿಂದ ಬಂತು ಬೋಡಿಲ್?”

“ಸೋಲ್ವೈ ಫ್ಲಾಕ್ಸ್ ಅದು. ಈ ಸಲ ಎಲ್ಲರ ಹತ್ರಾನೂ ಇದೆ.”

ಮರೇಟೆ ತಿರುಗಿದಳು. ಈಗ ಎಲ್ಲರೆದುರು ‘ನನ್ನದು’ ಅನ್ನುತ್ತಾಳೆ ಎಂದುಕೊಂಡು ಸೋಲ್ವೈ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಹೋಗುವಾಗ ನಾನೂ ಒಂದು ತುಂಡು ಒಯ್ದಿದ್ದೆ,” ಎಂದಳು ಮರೇಟೆ. “ಹೊಸ ಮಣ್ಣಲ್ಲಿ ಬದುಕಲಿಲ್ಲ. ನಿನ್ನ ಹತ್ರ ಸಿಗುತ್ತಾ ಒಂದು?”

“ಸೆಪ್ಟೆಂಬರಲ್ಲಿ ಬನ್ನಿ, ಕೊಡ್ತೀನಿ,” ಎಂಬ ಮಾತು ಬಾಯಿಂದ ಜಾರಿತು.

ಎಲ್ಲರೂ ಹೋದ ಮೇಲೆ ಸೋಲ್ವೈ ಬೇಲಿಯ ಬಳಿ ಬಂದಳು. “ಬೋಡಿಲ್, ನಂಗೆ ಫ್ಲಾಕ್ಸ್ ಬೇಕಿತ್ತು.”

“ನಿನ್ನ ಫ್ಲಾಕ್ಸ್ ನಿಂಗೇ ಬೇಕಾ? ಎಷ್ಟು ತುಂಡು?”

“ಎರಡು.”

ಸೆಪ್ಟೆಂಬರಿನಲ್ಲಿ ಅವಳು ಗೋಲ್ಡನ್‌ರಾಡನ್ನು ಒಂದು ಬೇರೂ ಉಳಿಸದೆ ಕಿತ್ತು, ಬೋಡಿಲ್ ಅಗೆದು ಕೊಟ್ಟ ತುಂಡುಗಳನ್ನು ಕೈಯಲ್ಲಿ ತೂಗಿ ನೋಡಿದಳು. ಸಣ್ಣದನ್ನು ಕಾಗದದಲ್ಲಿ ಸುತ್ತಿ ಮರೇಟೆಗೆಂದು ತೆಗೆದಿಟ್ಟಳು. ದಪ್ಪನೆಯದನ್ನು ಟ್ರೋಲ್ಸ್‌ನ ಕುರ್ಚಿ ಇರುತ್ತಿದ್ದ ಜಾಗದ ಪಕ್ಕದಲ್ಲಿ ನೆಟ್ಟಳು. ಅವನ ಕುರ್ಚಿಯ ಜೊತೆಗೆ ತನ್ನದೊಂದು ಕುರ್ಚಿಗೂ ಜಾಗ ಬಿಟ್ಟು.