ತಾಟಿನ ತಳದ ಉಪ್ಪು

ಅಲಖನೂರಿನ ಕಸ್ತೂರೆವ್ವ ನನ್ನ ದೊಡ್ಡವ್ವ. ವಯಸ್ಸು ಅರವತ್ತೆರಡು, ಓದಿದ್ದು ಮೂರನೆಯ ಇಯತ್ತೆ. ಹಿಡಿದ ಹಟ ಬಿಟ್ಟಿದ್ದನ್ನು ನಾನಂತೂ ಕಂಡಿಲ್ಲ. ಅವರ ಹೊಲ, ನನ್ನ ಹೊಲ ಒಂದೇ ಬದುವಿನ ಆಚೆ ಈಚೆ. ಹಾಗಾಗಿ ಆ ಹಟದ ಬಿಸಿ ನನಗೂ ತಟ್ಟಿತು.

ಎರಡು ವರ್ಷದ ಹಿಂದೆ ಅವರ ಕೆಳಗಿನ ಎರಡೆಕರೆ ಕಬ್ಬು ಹಳದಿ ತಿರುಗಿತು. ನೆಲದ ಮೇಲೆ ಬೆಳ್ಳನೆ ಪುಡಿ. ಭೂಮಿ ಉಪ್ಪೇರಿ ಸವಳಾಗುತ್ತಿದೆ, ಸುಮ್ಮನಿದ್ದರೆ ಉಳಿದದ್ದೂ ಕೈಬಿಟ್ಟು ಹೋಗುತ್ತದೆ ಎಂದು ದೊಡ್ಡವ್ವನಿಗೆ ಚಿಂತೆ. ದೊಡ್ಡಪ್ಪ ಧರೆಪ್ಪ ಮಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದ. "ಎಲ್ಲಾ ಚೊಲೋ ಐತಿ" ಎಂದು ಆ ಕಾಗದವನ್ನು ದೇವರ ಫೋಟೋಕ್ಕೆ ಸಿಕ್ಕಿಸಿದ. ಕರೆಂಟು ಬಂದಾಗಲೆಲ್ಲ ಮೋಟರು ಹಚ್ಚಿ ಇನ್ನಷ್ಟು ನೀರು ಬಿಟ್ಟ.

"ಮಣ್ಣ ಎಲ್ಲಿಂದ ಒಯ್ದಿದ್ರಿ?" ದೊಡ್ಡವ್ವ ಕೇಳಿದಳು.

"ತಿಪ್ಪಿ ಬಾಜೂದಾಗಿಂದ. ಸರಕಾರಿ ಮಂದಿಗೆ ಕೆಟ್ಟ ಮಣ್ಣ ಹೆಂಗ ತೋರಸೂದು? ಹೊಲಕ್ಕ ಮರ್ಯಾದಿ ಬ್ಯಾಡೇನು?"

"ಅಯ್ಯ ಶಿವನ! ಜ್ವರ ನನಗ, ಡಾಕ್ಟರಗ ತೋರಿಸಿದ್ದು ಎಮ್ಮೀನ?"

ನಗಬೇಡಿ, ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು. ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಸಿಂಗರಿಸಿ ಕೂರಿಸಿದ ಹಾಗೆ, ಮಣ್ಣನ್ನೂ ಚೆಂದದ್ದೇ ಆರಿಸಿ ಕಳಿಸುತ್ತಿದ್ದೆವು.

ದೊಡ್ಡವ್ವ ಬೆಳ್ಳಗಾದ ನೆಲವನ್ನೇ ಎಂಟು ಕಡೆ ಅಗೆದಳು. ಮಣ್ಣು ಬೆರೆಸಿ, ನೆರಳಿನಲ್ಲಿ ಒಣಗಿಸಿ, ತಾನೇ ಬಸ್ಸು ಹತ್ತಿ ರಾಯಬಾಗದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಒಯ್ದಳು. ಸವಳು ಹೌದೆಂದು ಬಂತು. ಒಂದು ವರ್ಷ ಕಬ್ಬು ಬೆಳೆಯಬೇಡಿ, ನೀರು ಕಡಿಮೆ ಮಾಡಿ, ನೆಲದೊಳಗಿನ ಉಪ್ಪುನೀರು ಬಸಿದು ಹಳ್ಳ ಸೇರುವಂತೆ ಕಾಲುವೆ ತೋಡಿ ಎಂದರು ಅಲ್ಲಿಯ ಅಧಿಕಾರಿ. ದೊಡ್ಡಪ್ಪ ಮುನಿಸಿಕೊಂಡು ಎರಡು ದಿನ ಹೊಲದ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಸಲಿಕೆ ಹಿಡಿದ. ಆದರೆ ಕಾಲುವೆ ಹಳ್ಳ ಸೇರಬೇಕಾದರೆ ನನ್ನ ಹೊಲವನ್ನು ಹಾಯಬೇಕಿತ್ತು.

"ನಿಂತ ಕಬ್ಬಿನಾಗ ಕಾಲುವಿ? ಆಗೂದಿಲ್ಲ ಬೇ" ಎಂದೆ.

ದೊಡ್ಡವ್ವ ವಾದಕ್ಕೆ ನಿಲ್ಲಲಿಲ್ಲ. ನನ್ನ ಹೊಲದ ತಗ್ಗಿನಲ್ಲೇ ಮೊಣಕಾಲುದ್ದ ಗುಂಡಿ ತೋಡಿದಳು. ಅದರಲ್ಲಿ ಜಿನುಗಿದ ನೀರನ್ನು ಸ್ಟೀಲಿನ ತಾಟಿಗೆ ಹಾಕಿ ಬದುವಿನ ಮೇಲೆ ಬಿಸಿಲಿಗಿಟ್ಟಳು. ಸಂಜೆಯ ಹೊತ್ತಿಗೆ ನೀರು ಆರಿ ತಳದಲ್ಲಿ ಬಿಳಿ ಪದರ ಉಳಿದಿತ್ತು.

"ನೆಕ್ಕು."

"ಹುಚ್ಚೇನ ನಿನಗ?"

"ನೆಕ್ಕಲೇ ಸಂಜ್ಯಾ!"

ನೆಕ್ಕಿದೆ. ಉಪ್ಪು! ನನ್ನ ಕಬ್ಬು ಇನ್ನೂ ಹಸಿರಾಗಿತ್ತು, ಅದೇ ಸೊಕ್ಕಿನಲ್ಲಿದ್ದೆ ನಾನು. ಸವಳು ನನ್ನ ಹೊಲದ ಬುಡಕ್ಕೂ ಬಂದಿತ್ತು. ಮರುದಿನ ನನ್ನ ಕೈಯಾರೆ ಎರಡು ಸಾಲು ಕಬ್ಬು ಕಡಿದು ಕಾಲುವೆಗೆ ದಾರಿ ಬಿಟ್ಟೆ.

ಈಗ ಯಾರಾದರೂ ಮಣ್ಣು ಪರೀಕ್ಷೆಗೆ ಹೊರಟರೆ ದೊಡ್ಡಪ್ಪನೇ ಅಡ್ಡ ನಿಲ್ಲುತ್ತಾನೆ: "ತಿಪ್ಪಿ ಮಣ್ಣ ಬ್ಯಾಡ್ರಿ, ಕೆಟ್ಟದ್ದ ಒಯ್ರಿ." ದೊಡ್ಡವ್ವ ಪ್ರತಿ ತಿಂಗಳು ಆ ಗುಂಡಿಯ ನೀರನ್ನು ಒಂದೇ ಅಳತೆಯಲ್ಲಿ ಹಾಕಿ ಅದೇ ತಾಟು ಬಿಸಿಲಿಗಿಡುತ್ತಾಳೆ. ಮೊನ್ನೆ ಅವಳು ಹೇಳುವ ಮೊದಲೇ ನಾನು ನೆಕ್ಕಿದೆ.

"ಇನ್ನೂ ಉಪ್ಪೈತಿ ಬೇ."

"ಹೋದ ವರ್ಷಕ್ಕಿಂತ ಕಮ್ಮಿ ಐತಿಲ್ಲೊ?"

"ಹೌದು, ಕಮ್ಮಿ ಐತಿ."

ದೊಡ್ಡವ್ವ ತಾಟನ್ನು ಸೆರಗಿನಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡಳು. "ಮತ್ತೇನು ನಿಂತೀ? ಸಲಿಕಿ ತಗೊ. ಕಾಲುವ್ಯಾಗ ಹೂಳ ತುಂಬೈತಿ."