ಏಳು ಎಂದಾಗ ಎದ್ದು ನಿಂತವಳು

ಅವಳು ಎಷ್ಟು ಸಲ ಎದ್ದು ನಿಂತಳು ಎನ್ನುವುದರಲ್ಲಿ ಒಮ್ಮತವಿಲ್ಲ. ಹೆಡ್ಮಿಸ್ಟ್ರೆಸ್ ದಿನಾ ಎನ್ನುತ್ತಾರೆ. ಅವಳ ತಾಯಿ ಎರಡೇ ಸಲ ಎನ್ನುತ್ತಾಳೆ. ನಾನು ಆ ಕ್ಲಾಸಿನಲ್ಲಿ ಇರಲೇ ಇಲ್ಲ. ಆದರೂ ಅವಳ ಲಂಗದ ಬಣ್ಣದ ಸಮೇತ ವರ್ಣಿಸಬಲ್ಲೆ. ಅದಕ್ಕೇ ಮೂವರಲ್ಲಿ ನನ್ನನ್ನು ಕಡಿಮೆ ನಂಬಬೇಕು.

ಆಗ ನಾನು ಕೊಚ್ಚಿಯ ಏಲೂರಿನಲ್ಲಿ ಬ್ಯಾಂಕಿನ ಕೌಂಟರಿನಲ್ಲಿದ್ದೆ. ಒಂದು ಮಧ್ಯಾಹ್ನ ಮೈಸೂರಿನಲ್ಲಿರುವ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ, ಮಾತಾಡಬಾರದಿತ್ತು. ಎದುರು ನಿಂತ ಹೆಂಗಸು ಪಾಸ್‌ಬುಕ್ಕನ್ನು ಹಿಂದಕ್ಕೆಳೆದುಕೊಂಡು, "ಇದು ಕನ್ನಡ ಅಲ್ಲೇ?" ಎಂದರು. ಬೈಯುತ್ತಾರೆಂದು ಫೋನ್ ಇಟ್ಟೆ.

ಅವರು ಹತ್ತಿರದ ಸರ್ಕಾರಿ ಶಾಲೆಯ ಹೆಡ್ಮಿಸ್ಟ್ರೆಸ್. ಯಾದಗಿರಿ ಕಡೆಯ ಒಬ್ಬ ಹುಡುಗಿ ಬಂದು ಮೂರು ವಾರವಾಗಿದೆ, ಒಂಬತ್ತು ವರ್ಷ, ಅಪ್ಪ ಅಮ್ಮ ಪೈಪಿನ ಗುಂಡಿ ತೋಡುವವರು ಎಂದರು. ಮಲಯಾಳಂ ಬಾರದ್ದರಿಂದ ಒಂದನೇ ಕ್ಲಾಸಿನಲ್ಲಿ ಕೂರಿಸಿದ್ದಾರೆ. ತುಟಿ ಬಿಚ್ಚುವುದಿಲ್ಲ. ಲೆಕ್ಕದ ಪಾಠದಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಂತು, ಗಂಟೆ ಹೊಡೆಯುವವರೆಗೂ ಹಾಗೇ ನಿಂತಿರುತ್ತಾಳೆ.

"ನಾವ್ಯಾರೂ ಶಿಕ್ಷೆ ಕೊಟ್ಟಿಲ್ಲ. ಯಾಕೆ ಅಂತ ನೀವೊಂದು ಸಲ ಕೇಳಬೇಕು, ಚೇಚಿ," ಎಂದು ನನ್ನನ್ನು ಅಕ್ಕ ಮಾಡಿಕೊಂಡರು.

ಮಾರನೇ ದಿನ ಊಟದ ಬಿಡುವಿನಲ್ಲಿ ಹೋದೆ. ತಾಯಿ ಅರ್ಧ ದಿನದ ಕೆಲಸ ಬಿಟ್ಟು ಬಂದು ಬಾಗಿಲ ಹೊರಗೆ ನಿಂತಿದ್ದಳು. ನನ್ನ ಬಾಯಿಂದ ಕನ್ನಡ ಬಿದ್ದದ್ದೇ ತಡ, ಶುರು ಮಾಡಿದಳು.

"ಈಕಿ ನಾಳಿಂದ ಸಾಲಿಗೆ ಬರಂಗಿಲ್ಲ ಅಂತಾಳ್ರಿ ಅಕ್ಕೋರ. ಗೇಣುದ್ದ ಹುಡುಗರ ನಡುವ ಕುಂದರಸ್ಯಾರ. ಊರಾಗ ಮೂರನೇತ್ತ ಓದಾಕಿ. ಬರದಿದ್ರ ಮನ್ಯಾಗ ಕುಂತು ಕೂಸು ಆಡಸ್ತಾಳ, ಮತ್ತೇನೈತಿ."

ಹುಡುಗಿಯನ್ನು ಕೇಳಿದೆ: "ಯಾಕಮ್ಮಾ ಎದ್ದು ನಿಂತ್ಕೋತೀಯ?"

ಅವಳು ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಎಲ್ಲಾರೂ ಏಳ್, ಏಳ್ ಅಂತ ಒದರತಾರ್ರಿ. ಎದ್ದೆ. ಕುಂದ್ರು ಅಂತ ಯಾರೂ ಅನ್ನಲಿಲ್ಲ."

ಮೂರಕ್ಕೆ ನಾಲ್ಕು ಸೇರಿಸಿದರೆ ಎಷ್ಟು ಎಂದು ಟೀಚರ್ ಕೇಳಿದ್ದಾರೆ. ಮಕ್ಕಳು ಉತ್ತರ ಕೂಗಿದ್ದಾರೆ. ಮಲಯಾಳದ ಏಳು ಇವಳ ಕಿವಿಯಲ್ಲಿ ಅಪ್ಪಣೆಯಾಗಿದೆ.

"ನಿಮ್ಮೂರಲ್ಲೂ ಏಳು ಅಂದ್ರೆ ಸಂಖ್ಯೆ ತಾನೇ?"

"ಹೌದ್ರಿ. ಆದ್ರ ಇವರ ಮಾತು ಬ್ಯಾರೆ ಅಲ್ಲೇನ್ರಿ?"

ಹೆಡ್ಮಿಸ್ಟ್ರೆಸ್‌ಗೆ ಹೇಳಿದೆ. ಅವರು ನಕ್ಕರು, ತಮ್ಮ ಭಾಷೆಯಲ್ಲೂ ಎದ್ದೇಳು ಎನ್ನಲು 'ಎಳುನ್ನೇಲ್ಕ್' ಎನ್ನುತ್ತಾರೆ, ಇವಳ ತಪ್ಪೇನು ಎಂದರು. ಆಮೇಲೆ ನಗು ನಿಲ್ಲಿಸಿ, "ಹಾಗಾದರೆ ಲೆಕ್ಕ ಬರುತ್ತಾ? ಕೇಳಿ ನೋಡಿ. ಬಂದರೆ ಮೂರನೇ ಕ್ಲಾಸಿಗೆ ಹಾಕುತ್ತೇನೆ," ಎಂದರು.

ಇಲ್ಲಿಂದ ಮುಂದಿನದನ್ನು ನನಗೆ ಅನುಕೂಲವಾಗುವಂತೆ ಹಲವು ಸಲ ಹೇಳಿದ್ದೇನೆ. ನಡೆದದ್ದು ಹೀಗೆ. "ನಿನಗೆ ವ್ಯವಕಲನ ಬರುತ್ತಾ?" ಎಂದು ಕೇಳಿದೆ. ಅವಳು ತಲೆಯಾಡಿಸಿದಳು: ಇಲ್ಲ. "ಗುಣಾಕಾರ?" ಇಲ್ಲ. ಹೆಡ್ಮಿಸ್ಟ್ರೆಸ್ ಕಡೆ ತಿರುಗಿ, ಬರುವುದಿಲ್ಲವಂತೆ ಎಂದುಬಿಟ್ಟೆ.

ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಜರ್ಮನಿಯಲ್ಲಿರುವ ತಂಗಿಯ ಜೊತೆ ಸೇರಿ ಅಲ್ಲಿನ ಶಾಲೆಯನ್ನು ಬೈದಿದ್ದೆ. ಜರ್ಮನ್ ಬಾರದು ಎಂಬ ಒಂದೇ ಕಾರಣಕ್ಕೆ ಅವಳ ಮಗನನ್ನು ಒಂದು ಕ್ಲಾಸು ಕೆಳಗೆ ಇಳಿಸಿದ್ದರು. ಮಾತು ಬಾರದವನಿಗೆ ಬುದ್ಧಿಯೂ ಇಲ್ಲವೇ ಎಂದು ಫೋನಿನಲ್ಲಿ ಕೂಗಾಡಿದ್ದೆ. ತಂಗಿ ವಕೀಲರಿಂದ ಪತ್ರ ಬರೆಸಿದಳು, ಮನೆಗೆ ಟ್ಯೂಷನ್ ಗೊತ್ತು ಮಾಡಿದಳು, ಮಗ ತನ್ನ ಕ್ಲಾಸಿಗೆ ಮರಳಿದ. ಈ ತಾಯಿಗೆ ಇದ್ದವಳು ನಾನೊಬ್ಬಳು. ನಾನು ವ್ಯವಕಲನ ಎಂದೆ.

ತಾಯಿ ಬಾಗಿಲು ದಾಟಿ ಒಳಗೆ ಬಂದಳು. "ಕಳಿಯೂ ಲೆಕ್ಕ ಬರಂಗಿಲ್ಲೇನ ನಿನಗ?"

"ಅದು ಬರ್ತದ," ಎಂದಳು ಹುಡುಗಿ, ಅದನ್ನೆಲ್ಲಿ ಕೇಳಿದರು ಎಂಬ ದನಿಯಲ್ಲಿ.

ಐವತ್ತೆರಡರಲ್ಲಿ ಹದಿನೆಂಟು ಕಳೆದಳು. ಮಗ್ಗಿ ಎಂದದ್ದಕ್ಕೆ ಎಂಟರದ್ದನ್ನು ಉಸಿರು ಬಿಡದೆ ಒಪ್ಪಿಸಿದಳು. ಹೆಡ್ಮಿಸ್ಟ್ರೆಸ್‌ಗೆ ಒಂದಕ್ಷರ ತಿಳಿಯಲಿಲ್ಲ. ಆ ರಾಗ ಮಾತ್ರ ತಿಳಿಯಿತು, ಜೊತೆಗೆ ತಲೆದೂಗತೊಡಗಿದರು. ಮುಗಿದಾಗ, ಬೆಳಗಿನ ಒಂದು ಪೀರಿಯಡ್ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಯಲಿ, ಉಳಿದ ಹೊತ್ತೆಲ್ಲ ಮೂರನೆಯದರಲ್ಲಿ ಎಂದರು.

"ಒಂದನೇತ್ತದಾಗ ಹಿಂದ ಕುಂದ್ರತೀನ್ರಿ," ಎಂದು ಹುಡುಗಿ ಷರತ್ತು ಹಾಕಿದಳು. ಒಪ್ಪಿದರು.

ನಾನು ಹೊರಡುವಾಗ ಹೆಡ್ಮಿಸ್ಟ್ರೆಸ್ ಹಾಜರಿ ಪುಸ್ತಕ ತೆರೆದು ಬೆರಳು ಎಳೆಯುತ್ತಿದ್ದರು. ಒಡಿಶಾದವರು, ಅಸ್ಸಾಮಿನವರು. "ಇವರಿಗೆಲ್ಲ ಏನೇನು ಬರುತ್ತದೋ ನಾನು ಕೇಳಿಯೇ ಇಲ್ಲ. ನಿಮ್ಮ ಬ್ಯಾಂಕಿನಲ್ಲಿ ಒಡಿಯಾ ಬರುವವರು ಇದ್ದಾರಾ?" ಇದ್ದರು, ಸಾಲದ ವಿಭಾಗದಲ್ಲಿ ಒಬ್ಬರು. ಮುಂದಿನ ವಾರ ಅವರನ್ನೂ ಕರೆಸಿಕೊಂಡರು. ನಮ್ಮ ಮ್ಯಾನೇಜರ್, "ಶಾಖೆಯನ್ನೇ ಶಾಲೆಗೆ ಶಿಫ್ಟ್ ಮಾಡೋಣ ಬಿಡಿ," ಎಂದು ಗೊಣಗುತ್ತಲೇ ಒಂದು ಗಂಟೆ ಬಿಟ್ಟುಕೊಟ್ಟರು.

ಮರುವರ್ಷ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಅದರ ಮುಂದಿನ ಜೂನ್‌ನಲ್ಲಿ ಆ ತಾಯಿಯ ಫೋನ್ ಬಂತು. ಪೈಪಿನ ಕೆಲಸ ಇಲ್ಲೇ ತಿರುವನಂತಪುರದ ಕಳಕ್ಕೂಟಂ ಕಡೆ ಬಂದಿದೆ, ಹೊಸ ಸಾಲಿ, ಏನು ಕೇಳ್ತಾರೋ, ನೀವು ಜೋಡಿ ಬರ್ರಿ ಎಂದಳು. ಒಂದು ಗಂಟೆ ಅನುಮತಿ ಪಡೆದು ಹೋದೆ. ಈ ಸಲ ಹಳ್ಳಿಯ ಪದಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಹುಡುಗಿ ನನ್ನ ಹೆಗಲಿಗೆ ಬಂದಿದ್ದಳು.

ಮೇಜಿನ ಹಿಂದಿದ್ದ ಮೇಷ್ಟ್ರು ತಾಯಿಯ ಸೀರೆಯಂಚಿನ ಮಣ್ಣನ್ನು ನೋಡಿ, ನನ್ನನ್ನು ನೋಡಿ, "ಮಲಯಾಳಂ ಅರಿಯಾಮೋ ಇವಳಿಗೆ? ಯಾವ ಕ್ಲಾಸಿಗೆ ಹಾಕೋದು?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆದೆ.

"ಅಞ್ಚಾಂ ಕ್ಲಾಸ್," ಎಂದಳು ಹುಡುಗಿ. "ಮಲಯಾಳಂ ಅರಿಯಾಂ. ಕನ್ನಡವುಂ ಅರಿಯಾಂ, ಹಿಂದಿಯುಂ ಅರಿಯಾಂ. ಸಾರಿನೋ?" ಅಂದರೆ, ನನಗೆ ಮೂರು ಭಾಷೆ ಬರುತ್ತವೆ, ನಿಮಗೆ?

ಮೇಷ್ಟ್ರ ಪೆನ್ನು ಗಾಳಿಯಲ್ಲೇ ನಿಂತಿತು. ಅವರು ಜೋರಾಗಿ ನಕ್ಕು, ಅರ್ಜಿಯಲ್ಲಿ ಐದು ಎಂದು ಬರೆದರು.

ತಾಯಿ ನನ್ನ ಮೊಣಕೈ ಹಿಡಿದಳು. "ಏನಂದಳ್ರಿ ಈಕಿ? ಬೈದಳೇನ?"

"ಐದನೇ ಕ್ಲಾಸು ಅಂದಳು," ಎಂದೆ.

"ಇಷ್ಟುದ್ದ ಅಂದಳಲ್ರಿ," ಎಂದು ಅವಳು ಮಗಳನ್ನು ಅನುಮಾನದಿಂದ ನೋಡಿದಳು.